ತೂತಿನ ಅಳತೆ

ರೈತ ಹೆಂಗಸು ಇಸೊ, ಹುಲ್ಲಿನ ದಂಟುಗಳ ನಡುವೆ ತೂಗುತ್ತಿದ್ದ ಇಲಿಯ ಗೂಡನ್ನು ಸಿಟ್ಟಿನಿಂದ ಕಿತ್ತು ಬಿಚ್ಚಿದಳು. ಕಣಜದಿಂದ ಹೋದ ಬಿತ್ತನೆ ಭತ್ತದ ನಾಲ್ಕು ಕಾಳಾದರೂ ಸಿಕ್ಕೀತು ಎಂದುಕೊಂಡಿದ್ದಳು. ಸಿಕ್ಕಿದ್ದು ಸೀಳಿ ನೇಯ್ದ ಹುಲ್ಲಿನ ಗರಿ, ಮಿಡತೆಯ ಎರಡು ಕಾಲು.

"ಅದೇ ಕಳ್ಳ, ಹೊಸಕಿ ಹಾಕು," ಎಂದ ಗಂಡ ತೊಕುಜಿ, ಸೂರಿಗೆಂದು ಕೊಯ್ದ ಹುಲ್ಲನ್ನು ಕಂತೆ ಕಟ್ಟುತ್ತಾ. "ಮೂರು ದಿನದಿಂದ ಬಡ್ಕೋತಿದೀನಿ, ಈ ಹುಲ್ಲಿನ ಇಲೀದೇ ಕೆಲಸ ಅಂತ."

ಗೂಡಿನ ಇಲಿ ಪಕ್ಕದ ದಂಟಿಗೆ ಹಾರಿ, ಬಾಲ ಸುತ್ತಿ ಕೂತಿತ್ತು. ಇಸೊಳ ಹೆಬ್ಬೆರಳಿಗಿಂತ ಚಿಕ್ಕದು. ಅದರ ಭಾರಕ್ಕೆ ದಂಟು ಬಾಗಿರಲೂ ಇಲ್ಲ. ಅವಳು ಎತ್ತಿದ್ದ ಕುಡುಗೋಲನ್ನು ಇಳಿಸಿ ಗಂಡನ ಕಡೆ ತಿರುಗಿದಳು.

"ಭತ್ತದ ಚೀಲದ ತೂತಲ್ಲಿ ನನ್ನ ಮುಷ್ಟಿ ಹೋಗ್ತಿತ್ತು ಕಣ್ರೀ. ಅಂಥ ತೂತು ಕೊರೆಯೋಕೆ ಇದರ ಏಳು ತಲೆಮಾರು ಸೇರ್ಬೇಕು. ಅದು ಹೆಗ್ಗಣದ ಕೆಲಸ. ಕಣಜದ ಬಾಗಿಲು ತೆಗೆದಿಟ್ಟೋರು ಯಾರು?"

ತೊಕುಜಿ ಕಟ್ಟಿದ ಕಂತೆಯನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದ. "ಅವತ್ತು ಸಾಕೆ ಹೆಂಡ ಒಂದು ಲೋಟ ಜಾಸ್ತಿ ಆಗಿತ್ತು," ಎಂದ.

"ಹಾಗಾದ್ರೆ ಬಿತ್ತನೆ ಭತ್ತ ಕೇಳೋಕೆ ನಿಮ್ಮಣ್ಣನ ಮನೆಗೆ ನಾನು ಹೋಗಲ್ಲ. ಹನ್ನೊಂದು ವರ್ಷದಿಂದ ಮಾತು ಬಿಟ್ಟೋರು ನೀವು. ಹೊಸಿಲಲ್ಲಿ ಮಂಡಿಯೂರಿ ನೀವೇ ಕೇಳಿ. ಈಗಲೇ."

ತೊಕುಜಿ ಅವಳ ಮುಖ ನೋಡಿದ. ಆಮೇಲೆ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದು, ಅಣ್ಣನ ಮನೆಯ ದಾರಿಗೆ ಇಳಿದ.