ಹೊಸ್ತಿಲಾಚೆಯ ಬೂಟು

ಮನೆಯೊಡತಿ ಅಜ್ಜಿ ಬೂಟುಗಳನ್ನು ಶಾಲಿನಡಿ ಮುಚ್ಚಿಕೊಂಡು ಒಳಗೆ ನುಸುಳುವಾಗಲೇ ನರ್ಸ್ ಅಡ್ಡ ನಿಂತಳು. ಪರದೇಶದ ಈ ಊರಿಗೆ ಉಚಿತ ಸೇವೆಗೆಂದು ಬಂದು ಅಜ್ಜಿಯ ಮನೆಯಲ್ಲಿ ಉಳಿದಾಗಿನಿಂದ, ಅವಳು ಹೊಸ್ತಿಲಾಚೆ ಬಿಟ್ಟ ಬೂಟು ದಿನವೂ ಸಂಜೆ ಮಾಯವಾಗಿ ಬೆಳಿಗ್ಗೆ ಮಂಚದಡಿ ಸಿಗುತ್ತಿತ್ತು. ಮುದುಕಿಯೇ ಮೆಟ್ಟಿಕೊಂಡು ತಿರುಗುತ್ತಾಳೆಂದು ಅವಳ ಅನುಮಾನ. ಇವತ್ತು ಕಳ್ಳಿ ಮಾಲು ಸಮೇತ ಸಿಕ್ಕಿದ್ದಳು. ಆದರೂ ಹೆಗಲು ಮುಟ್ಟಿ ನೋಡಿಕೊಳ್ಳುವ ಕುಂಬಳಕಾಯಿ ಕಳ್ಳಿಯ ಹಾಗೆ ಕಾಣಲಿಲ್ಲ.

"ಬೂಟು ಹೊರಗೆ ಬಿಡೋದು ನಮ್ಮೂರ ಕಡೆ ರೂಢಿ. ನಿಮಗ್ಯಾಕಜ್ಜಿ ಅದರ ಉಸಾಬರಿ?"

"ಮೆಲ್ಲಗೆ ಮಾತಾಡಮ್ಮ." ಅಜ್ಜಿ ಬೀದಿಯ ಆಚೀಚೆ ನೋಡಿ ಬಾಗಿಲ ಅಗಳಿ ಹಾಕಿದಳು. "ಯುದ್ಧದ ಕಾಲದಲ್ಲಿ ನಾವೂ ಹೊರಗೇ ಬಿಡ್ತಿದ್ವಿ. ಆಗೆಲ್ಲ ಸಿಪಾಯಿಗಳು ಹೊರಗಿನ ಬೂಟು ಎಣಿಸಿಕೊಂಡೇ ಒಳಗೆ ಬರ್ತಿದ್ರು. ನಾವು ಮೂವರು ಎದುರಿಗೆ ನಿಂತ್ವಿ. ಬೂಟು ನಾಲ್ಕು ಜೊತೆ ಇತ್ತು. ಅಟ್ಟದಿಂದ ನಮ್ಮಣ್ಣನ್ನ ಇಳಿಸಿಕೊಂಡು ಹೋದ್ರು."

"ಅದೆಲ್ಲ ಮುಗಿದ ಕಥೆ ಅಲ್ವಾ ಅಜ್ಜಿ? ಈಗ ಯಾರು ಬರ್ತಾರೆ?" ಎಂದು ನರ್ಸ್ ನಗಲು ನೋಡಿದಳು.

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. "ಹಾಲು!" ಎಂಬ ಕೂಗು ಕೇಳುವ ಹೊತ್ತಿಗೆ ಅಜ್ಜಿಯ ಕೈಯಲ್ಲಿ ಬೂಟುಗಳಿರಲಿಲ್ಲ. ನರ್ಸ್ ಅವನ್ನು ಕಿತ್ತುಕೊಂಡು ತನ್ನ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದಳು.