ಅಳು ಬಂದ ಜಾಗ

ಅಮೆರಿಕದ ಕರಿಯರ ಹಕ್ಕಿಗಾಗಿ ಮಾಡಿದ ಪ್ರಸಿದ್ಧ ಭಾಷಣವೊಂದನ್ನು ಪ್ರಾಧ್ಯಾಪಕರು ವರ್ಷಗಟ್ಟಲೆ ಪಾಠ ಮಾಡಿದ್ದರು. ಈಗ ಅದೇ ಧಾಟಿಯಲ್ಲಿ ತಾವೂ ಒಂದನ್ನು ಬರೆದಿದ್ದರು. ಮರುದಿನ ಸಮಾನತಾ ಸಮ್ಮೇಳನದಲ್ಲಿ ಅದನ್ನು ಓದಿ ಸಭಿಕರ ಕಣ್ಣಲ್ಲಿ ನೀರು ತರಿಸಲೇಬೇಕಿತ್ತು. ಮೊದಲು ಪರೀಕ್ಷಿಸಿ ನೋಡೋಣವೆಂದು, ತರಗತಿ ಗುಡಿಸುತ್ತಿದ್ದ ದ್ಯಾವಮ್ಮನವರನ್ನು ಕರೆದರು. ಆಕೆಗೆ ಅವರ ತಾಯಿಯ ವಯಸ್ಸು.

"ಏ ದ್ಯಾವಿ, ಪೊರಕೆ ಅಲ್ಲಿಡು. ಇಲ್ಲಿ ನಿಂತ್ಕೊಂಡು ಕೇಳು."

ಓದತೊಡಗಿದರು. ತರ್ಕ ಬಂದಲ್ಲಿ ಬೆರಳೆತ್ತಿದರು, ಭಾವ ಬಂದಲ್ಲಿ ಎದೆ ಮುಟ್ಟಿಕೊಂಡರು. ಕೊನೆಗೆ ಎರಡೂ ಕೈ ಚಾಚಿ, ನಡುಗುವ ದನಿಯಲ್ಲಿ, "ತಾಯೀ, ನೀವು ತಲೆಯೆತ್ತಿ ನಡೆಯುವ ದಿನ ಬಂದೇ ಬರುತ್ತದೆ!" ಎಂದರು.

ದ್ಯಾವಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಪ್ರಾಧ್ಯಾಪಕರು ಹಿಗ್ಗಿಹೋದರು. "ನೋಡ್ದೆಯಾ ನನ್ನ ಮಾತಿನ ಶಕ್ತಿನ! ಯಾವ ಜಾಗದಲ್ಲಿ ಅಳು ಬಂತೇ? ಗುಲಾಮರ ಕಥೆಗಾ? ಸಂವಿಧಾನದ ವಾದಕ್ಕಾ?"

"ಅದೆಲ್ಲ ನಂಗೆ ತಿಳೀಲಿಲ್ಲ ಸಾರ್. ಹನ್ನೆರಡು ವರ್ಸದಲ್ಲಿ ಮೊದಲ್ನೇ ಸಲ ನನ್ನ 'ನೀವು' ಅಂದ್ರಲ್ಲ, ಅದಕ್ಕೆ."

ಪ್ರಾಧ್ಯಾಪಕರು ನಗುತ್ತ ಹಾಳೆ ಮಡಚಿದರು.

"ಅಯ್ಯೋ ಪೆದ್ದಿ, ಅದು ನಿಂಗಂದಿದ್ದಲ್ಲ ಕಣೇ. ನಾಳೆ ಬರೋ ಸಭಿಕರಿಗೆ."