ಧೈರ್ಯದ ಮಾತು

“ಭುಜದ ಆಪರೇಷನ್ ಚಲೋ ಆಗೇತಿ. ಆದ್ರ ಮನಸ್ಸು ಕುಗ್ಗಿದ್ರ ಕೈ ಮ್ಯಾಲೆ ಏಳೂದಿಲ್ಲ. ದಿನಾ ಧೈರ್ಯ ಹೇಳ್ರಿ,” ಎಂದರು ಡಾಕ್ಟರು.

“ಈ ಕಡೆ ಬಂದು ಹೇಳ್ರಿ ಸಾಹೇಬ್ರ, ನಂದು ಆ ಕಿವಿ ಕೇಳಂಗಿಲ್ಲ,” ಎಂದಳು ರೋಗಿಯ ಹೆಂಡತಿ. ಅವರು ಮತ್ತೊಮ್ಮೆ ಹೇಳಿದ್ದನ್ನು ಒಂದಕ್ಷರ ಬಿಡದೆ ಕೇಳಿಸಿಕೊಂಡಳು.

ಅಂದಿನಿಂದ ಗಂಡನ ಹಣೆಗೆ ವಿಭೂತಿ ಹಚ್ಚಿ, ತುತ್ತು ಮಾಡಿ ಉಣಿಸುತ್ತ ಮೆಲ್ಲಗೆ ಹೇಳುತ್ತಿದ್ದಳು: “ನಮ್ಮ ಕಾಕಾಗೂ ಹಿಂಗ ಆಗಿತ್ತರಿ. ಪಾಪ, ಸಾಯೂತನಕ ಕೈ ಏಳಲೇ ಇಲ್ಲ.”

ಅವನು ವ್ಯಾಯಾಮ ಬಿಟ್ಟು ಗೋಡೆಯತ್ತ ಮುಖ ಮಾಡಿ ಮಲಗಿದ. ಒಂದು ಸಂಜೆ ಅತ್ತೇಬಿಟ್ಟ.

“ನನ್ನ ಕೈ ಯಾವಾಗ ಏಳತೈತೇ?”

ಅವಳು ದೇವರ ದೀಪಕ್ಕೆ ಎಣ್ಣೆ ಹಾಕಿ, ಬಂದು ಪಕ್ಕದಲ್ಲಿ ಕುಳಿತಳು.

“ನೀವು ಆ ಕೈಲೆ ಹೊಡದು ಕಿವುಡು ಮಾಡಿದ ಈ ಕಿವಿ ಕೇಳಿದ ದಿನ ಏಳತೈತ್ರಿ.”